ದನದ ಡಾಕ್ಟರು ಕೊಟ್ಟು ಹೋದ ಟ್ಯೂಬು

ನಮ್ಮ ಕ್ಯಾಂಪಸ್ಸಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಿರುವ ಸೈಕಲ್‌ಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಬಣ್ಣ ಮೊದಲು ಹೋಗಿರೋದು ಬೀಗ ತಾಗುವ ಜಾಗದಲ್ಲಿ. ಚೈನ್ ಲಾಕ್ ಸುತ್ತುವ ಸೀಟಿನ ಕೆಳಗಿನ ಪೈಪಿನ ಮೇಲೆ ಗೀರು, ಕಬ್ಬಿಣದ ಕಂಬಿಗೆ ಒರಗುವ ಮೇಲಿನ ಬಾರ್ ಮೇಲೆ ಇನ್ನೊಂದು ಗೀರು. ಕಳ್ಳರಿಂದ ಕಾಪಾಡೋಕೆ ಅಂತ ಹಾಕಿದ ಬೀಗವೇ ಸೈಕಲ್ಲನ್ನು ದಿನಾ ಸ್ವಲ್ಪ ಸ್ವಲ್ಪ ತಿಂತಾ ಇರುತ್ತೆ. ಸ್ಟೀಲ್ ಫ್ರೇಮ್ ಆಗಿದ್ರೆ ಗೀರು ಬಿದ್ದ ಜಾಗದಿಂದಲೇ ತುಕ್ಕು ಶುರುವಾಗುತ್ತೆ.

ಇದಕ್ಕೆ ಸೈಕಲ್ ಓಡಿಸುವವರ ಹಳೇ ಉಪಾಯ ಒಂದಿದೆ. ಪಂಕ್ಚರ್ ಹಾಕಿ ಹಾಕಿ ಇನ್ನು ಆಗಲ್ಲ ಅಂತ ಬಿಸಾಡುವ ಟ್ಯೂಬನ್ನು ಕತ್ತರಿಸಿ ಫ್ರೇಮಿಗೆ ಸುತ್ತೋದು. ಆ ಟ್ಯೂಬು ಸೈಕಲ್ ಚಕ್ರಕ್ಕೆ ಬಂದದ್ದು ಹೇಗೆ ಅನ್ನೋದೇ ಈ ಸಲದ ನಮ್ಮ ಕತೆ. ಅದನ್ನು ತಂದವರು ಇಂಜಿನಿಯರ್ ಅಲ್ಲ. ದನ, ಕುದುರೆಗಳಿಗೆ ಔಷಧಿ ಕೊಡುತ್ತಿದ್ದ ಒಬ್ಬ ಡಾಕ್ಟರು. ಹೆಸರು ಜಾನ್ ಬಾಯ್ಡ್ ಡನ್‌ಲಪ್.

ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯ ರೈತರ ಮನೆಯಲ್ಲಿ. ಎಡಿನ್‌ಬರೋದಲ್ಲಿ ಪಶುವೈದ್ಯ ಓದಿದರು. ನಾವಿನ್ನೂ ಎರಡನೇ ವರ್ಷದ ಲ್ಯಾಬ್ ರೆಕಾರ್ಡ್ ಬರೀತಿರೋ ವಯಸ್ಸಿಗೆ, ಅಂದ್ರೆ ಹತ್ತೊಂಬತ್ತಕ್ಕೇ, ಅವರ ಕೋರ್ಸ್ ಮುಗಿದಿತ್ತು. 1867ರಲ್ಲಿ ಐರ್ಲೆಂಡಿಗೆ ಹೋದವರು ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ನೆಲೆ ನಿಂತರು. ಅಲ್ಲಿ ಒಳ್ಳೆ ಪ್ರಾಕ್ಟೀಸ್, ಒಳ್ಳೆ ಹೆಸರು. 47 ವರ್ಷ ಆಗೋ ತನಕ ಅವರು ಊರಿಗೆಲ್ಲ ಗೊತ್ತಿದ್ದ ದನದ ಡಾಕ್ಟರು, ಅಷ್ಟೆ.

ಬೆಲ್‌ಫಾಸ್ಟಿನ ರಸ್ತೆಗಳು ಆಗ ಕಲ್ಲು ಹಾಸಿದ ರಸ್ತೆಗಳು. ಅವರ ಮಗನ ಹತ್ತಿರ ಒಂದು ಮೂರು ಚಕ್ರದ ಸೈಕಲ್ ಇತ್ತು. ಆ ಕಾಲದ ಸೈಕಲ್ ಚಕ್ರಕ್ಕೆ ಗಟ್ಟಿ ರಬ್ಬರಿನ ಪಟ್ಟಿ ಹಾಕಿದ್ದರೂ ಕುಲುಕಾಟ ತಪ್ಪುತ್ತಿರಲಿಲ್ಲ. ಹುಡುಗನಿಗೆ ಆರಾಮಾಗಿ, ಜೋರಾಗಿ ಓಡಿಸೋಕೆ ಏನಾದ್ರೂ ಮಾಡಬೇಕಿತ್ತು.

1887ರಲ್ಲಿ ಡನ್‌ಲಪ್ ಒಂದು ದುಂಡನೆ ಮರದ ಹಲಗೆ ತಗೊಂಡರು. ತೆಳುವಾದ ರಬ್ಬರ್ ಹಾಳೆಯಿಂದ ಕೊಳವೆ ಮಾಡಿ ಅದರ ಅಂಚಿಗೆ ಸುತ್ತಿದರು, ಮೇಲೆ ಬಟ್ಟೆಯ ಹೊದಿಕೆ ಹಾಕಿ ಬಿಗಿದರು, ಫುಟ್‌ಬಾಲಿಗೆ ಗಾಳಿ ಹೊಡೆಯೋ ಪಂಪಿನಿಂದ ಗಾಳಿ ತುಂಬಿದರು. ಆಮೇಲೆ ಮನೆಯ ಅಂಗಳದಲ್ಲಿ ಎರಡು ಚಕ್ರ ಉರುಳಿಸಿದರು: ಒಂದು ಮಗನ ಸೈಕಲ್ಲಿನದು, ಇನ್ನೊಂದು ಈ ಗಾಳಿ ತುಂಬಿದ್ದು. ಸೈಕಲ್ಲಿನ ಚಕ್ರ ಸ್ವಲ್ಪ ದೂರ ಹೋಗಿ ಬಿದ್ದುಹೋಯಿತು. ಗಾಳಿಯ ಚಕ್ರ ಅಂಗಳ ಪೂರ್ತಿ ದಾಟಿ ಗೇಟಿನ ಕಂಬಕ್ಕೆ ಬಡಿದು ವಾಪಸ್ ಪುಟಿಯಿತು.

ಇಲ್ಲಿ ಏನಾಯ್ತು ಅಂತ ಮೆಕ್ಯಾನಿಕ್ಸ್ ಓದಿರೋ ನಮಗೆ ಸುಲಭವಾಗಿ ಅರ್ಥವಾಗುತ್ತೆ. ಗಟ್ಟಿ ಚಕ್ರ ಒಂದು ಕಲ್ಲು ಹತ್ತಬೇಕಾದ್ರೆ ಇಡೀ ಚಕ್ರವೇ ಮೇಲೆದ್ದು ಕೆಳಗೆ ಬೀಳಬೇಕು, ಪ್ರತಿ ಸಲ ಸ್ವಲ್ಪ ಶಕ್ತಿ ದಂಡ. ಗಾಳಿಯ ಚಕ್ರ ಆ ಕಲ್ಲನ್ನು ತನ್ನೊಳಗೆ ತಗೊಂಡು ಮುಂದೆ ಹೋಗುತ್ತೆ. ಮೆತ್ತಗಿರೋದು ಆರಾಮಕ್ಕೆ ಮಾತ್ರ ಅಂತ ಜನ ಅಂದುಕೊಂಡಿದ್ದಾಗ, ಮೆತ್ತಗಿರೋದೇ ಜೋರಾಗಿಯೂ ಓಡುತ್ತೆ ಅಂತ ಆ ಅಂಗಳ ತೋರಿಸಿತು.

1888ರಲ್ಲಿ ಡನ್‌ಲಪ್ ಪೇಟೆಂಟ್ ಪಡೆದರು. ಆದ್ರೆ ದಪ್ಪ ಟೈರಿನ ಸೈಕಲ್ ನೋಡಿ ನಕ್ಕವರೇ ಹೆಚ್ಚು. ನಗು ನಿಂತದ್ದು 1889ರ ಮೇ 18ರಂದು. ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲ್ಲಿ ಹ್ಯೂಮ್ ಎಂಬ ಸವಾರ ಡನ್‌ಲಪ್ ಟೈರಿನ ಸೈಕಲ್ ತಂದ. ಅವನೇನೂ ದೊಡ್ಡ ಚಾಂಪಿಯನ್ ಅಲ್ಲ. ಆದ್ರೂ ಆ ದಿನದ ನಾಲ್ಕೂ ಸೈಕಲ್ ರೇಸ್ ಗೆದ್ದ. ಸೋತವರಲ್ಲಿ ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರಾಸ್ ಅವರ ಮಕ್ಕಳೂ ಇದ್ದರು. ಮಕ್ಕಳು ಸೋತದ್ದಕ್ಕೆ ಅಪ್ಪ ಸಿಟ್ಟಾಗಲಿಲ್ಲ, ಅದರ ಹಿಂದಿನ ಸಾಮಾನು ಯಾವುದು ಅಂತ ಹುಡುಕಿದರು. ಅದೇ ವರ್ಷ ಡಬ್ಲಿನ್ನಿನಲ್ಲಿ ಟೈರ್ ಕಂಪನಿ ಶುರುವಾಯಿತು, ಡನ್‌ಲಪ್ ಅದರಲ್ಲಿ ಪಾಲುದಾರರಾದರು.

ಕತೆ ಇಲ್ಲಿಗೆ ಮುಗಿದಿದ್ರೆ ಸ್ಟಾರ್ಟ್‌ಅಪ್ ಭಾಷಣಕ್ಕೆ ಸರಿಹೋಗ್ತಿತ್ತು. ಆದ್ರೆ 1890ರಲ್ಲಿ ಒಂದು ಸುದ್ದಿ ಬಂತು: ಡನ್‌ಲಪ್ ಪೇಟೆಂಟ್ ನಡೆಯೋದಿಲ್ಲ. ಯಾಕೆಂದ್ರೆ ಗಾಳಿ ತುಂಬಿದ ಚಕ್ರಕ್ಕೆ 1845ರಲ್ಲೇ ಬ್ರಿಟನ್ನಿನಲ್ಲಿ ಪೇಟೆಂಟ್ ಆಗಿತ್ತು. ಪಡೆದವರು ರಾಬರ್ಟ್ ವಿಲಿಯಂ ಥಾಮ್ಸನ್, ಅವರೂ ಸ್ಕಾಟ್ಲೆಂಡಿನವರೇ, ಆಗ ಅವರಿಗೆ ಬರೀ 23 ವರ್ಷ. ಥಾಮ್ಸನ್ ತಮ್ಮ ಚಕ್ರಗಳನ್ನು ಕುದುರೆ ಗಾಡಿಗೆ ಹಾಕಿ ಲಂಡನ್ನಿನಲ್ಲಿ ಓಡಿಸಿ ತೋರಿಸಿದ್ದರು, ಅವು ಚೆನ್ನಾಗಿಯೇ ಓಡಿದ್ದವು. ಆದ್ರೆ ಆಗ ಸೈಕಲ್ ಜನರ ಕೈಗೆ ಬಂದಿರಲಿಲ್ಲ, ತೆಳುವಾದ ಒಳ್ಳೆ ರಬ್ಬರ್ ಸಿಗೋದೂ ಕಷ್ಟ. ಕೊಳ್ಳೋರಿಲ್ಲದೆ ಆ ಐಡಿಯಾ ಮರೆತುಹೋಯಿತು. ಥಾಮ್ಸನ್ 1873ರಲ್ಲಿ ತೀರಿಕೊಂಡರು. ಡನ್‌ಲಪ್‌ಗೆ ಅವರ ವಿಷಯವೇ ಗೊತ್ತಿರಲಿಲ್ಲ.

ಹಾಗಾದ್ರೆ ಟೈರು ಯಾರದ್ದು? ಮೊದಲು ಯೋಚಿಸಿದವರದ್ದಾ, ಜನರ ಕೈಗೆ ತಲುಪಿಸಿದವರದ್ದಾ? ಪ್ರಾಜೆಕ್ಟ್ ಐಡಿಯಾ ಯಾರದ್ದು ಅಂತ ಹಾಸ್ಟೆಲಿನಲ್ಲಿ ಜಗಳ ಆಡೋ ನಮಗೆ ಇದು ದೂರದ ಪ್ರಶ್ನೆ ಏನಲ್ಲ. ಕಾನೂನು ಥಾಮ್ಸನ್ ಕಡೆ ಹೇಳಿತು. ಆದ್ರೆ ಅಂಗಳದಲ್ಲಿ ಚಕ್ರ ಉರುಳಿಸಿದ ಡಾಕ್ಟರಿಲ್ಲದೆ ಆ ಪೇಟೆಂಟ್ ಕಪಾಟಿನಲ್ಲೇ ಇನ್ನೆಷ್ಟು ವರ್ಷ ಇರ್ತಿತ್ತೋ. ಇಬ್ಬರಿಗೂ ಪಾಲಿದೆ ಅನ್ನೋದು ನಮ್ಮ ಅಭಿಪ್ರಾಯ.

ಇನ್ನೂ ಕೆಲವರ ಪಾಲೂ ಇದೆ. ಡನ್‌ಲಪ್ ಮಾಡಿದ ಟೈರನ್ನು ರಿಮ್ಮಿಗೆ ಬಟ್ಟೆ ಸುತ್ತಿ ಅಂಟಿಸಬೇಕಿತ್ತು, ಪಂಕ್ಚರ್ ಆದ್ರೆ ಬಿಚ್ಚೋದೇ ದೊಡ್ಡ ಕೆಲಸ. ಅಂಚಿನಲ್ಲಿ ತಂತಿ ಇಟ್ಟು, ಕೈಯಲ್ಲೇ ತೆಗೆದು ಹಾಕುವ ಟೈರಿಗೆ 1890ರಲ್ಲಿ ಪೇಟೆಂಟ್ ಪಡೆದವರು ಚಾರ್ಲ್ಸ್ ವೆಲ್ಚ್. ಕಂಪನಿ ಆ ಹಕ್ಕನ್ನು ಕೊಂಡು ಉಳಿದುಕೊಂಡಿತು. ಇವತ್ತು ಸೈಕಲ್ ಶಾಪಿನವರು ಎರಡು ನಿಮಿಷದಲ್ಲಿ ಟ್ಯೂಬು ಹೊರಗೆ ಎಳೀತಾರಲ್ಲ, ಅದು ವೆಲ್ಚ್ ಕೃಪೆ. ನಮ್ಮ ಸಾದಾ ಸೈಕಲ್‌ಗಳಲ್ಲಿರುವ, ಒಳಗೆ ಸಣ್ಣ ರಬ್ಬರ್ ಕೊಳವೆ ಇರುವ ವಾಲ್ವನ್ನು ಡನ್‌ಲಪ್ ವಾಲ್ವ್ ಅಂತಾರೆ. ಅದೂ ಅವರದ್ದಲ್ಲ, ವುಡ್ಸ್ ಎಂಬುವರದ್ದು.

ಡನ್‌ಲಪ್ 1895ರಲ್ಲಿ ಕಂಪನಿ ಬಿಟ್ಟರು. ಮರುವರ್ಷವೇ ಆ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಕೋಟ್ಯಧೀಶರಾದವರು ಬೇರೆಯವರು. ಟೈರಿನ ಮೇಲೆ ಅವರ ಹೆಸರು ಲೋಕವೆಲ್ಲ ಉರುಳುತ್ತಿದ್ದಾಗ ಅವರು ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ಪಾಲಿಟ್ಟುಕೊಂಡು ಸುಮ್ಮನೆ ಇದ್ದರು. 1921ರ ಅಕ್ಟೋಬರ್ 23ರಂದು ಅಲ್ಲೇ ತೀರಿಕೊಂಡರು.

ಈಗ ಮತ್ತೆ ನಮ್ಮ ಬೀಗದ ವಿಷಯಕ್ಕೆ ಬರೋಣ. ಡನ್‌ಲಪ್ ಮಾಡಿದ್ದು ಇಷ್ಟೇ: ಎರಡು ಗಟ್ಟಿ ವಸ್ತು ಒಂದಕ್ಕೊಂದು ತಾಗುವ ಜಾಗದಲ್ಲಿ ಮೆತ್ತನೆಯದೊಂದನ್ನು ಇಟ್ಟರು. ನಾವು ಮಾಡಬೇಕಾದದ್ದೂ ಅಷ್ಟೇ. ಬೀಗದ ಸ್ಟೀಲು ಗಟ್ಟಿ, ಬಣ್ಣ ತೆಳು. ಚೂಪಾದ ಅಂಚು ಒಂದೇ ಬಿಂದುವಿನಲ್ಲಿ ಒತ್ತಿ ಜಾರಿದಾಗ ಗೀರು ಬೀಳುತ್ತೆ. ನಡುವೆ ರಬ್ಬರ್ ಇದ್ರೆ ಅದು ಅಮುಕಿಕೊಂಡು ಒತ್ತಡ ಅಗಲಕ್ಕೆ ಹರಡುತ್ತೆ, ಬೀಗ ಜಾರೋದೂ ಕಮ್ಮಿ.

ಹಳೇ ಟ್ಯೂಬಿನ ವಾಲ್ವ್ ಇರೋ ತುಂಡು ಕತ್ತರಿಸಿ ತೆಗೀರಿ. ಉಳಿದದ್ದನ್ನು ಉದ್ದಕ್ಕೆ ಸೀಳಿ, ಒಳಗಿನ ಪೌಡರ್ ತೊಳೆದು ಒಣಗಿಸಿ. ಫ್ರೇಮನ್ನೂ ಒರೆಸಿ, ಯಾಕೆಂದ್ರೆ ಒಳಗೆ ಮರಳು ಉಳಿದ್ರೆ ಅದೇ ಸ್ಯಾಂಡ್‌ಪೇಪರ್ ಆಗುತ್ತೆ. ಬೀಗ ತಾಗುವ ಮತ್ತು ಕಂಬಿಗೆ ಒರಗುವ ಜಾಗಕ್ಕೆ, ಸ್ವಲ್ಪ ಎಳೆದು, ಒಂದು ಸುತ್ತಿನ ಅರ್ಧ ಇನ್ನೊಂದರ ಮೇಲೆ ಬರೋ ಹಾಗೆ ಸುತ್ತಿ. ತುದಿಗೆ ಟೇಪ್ ಅಥವಾ ಜಿಪ್ ಟೈ ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಬೇಡಿ, ಬಿಸಿಲಿಗೆ ಅದರ ಅಂಟು ಕರಗಿ ಜಿಗುಟಾಗುತ್ತೆ. ಚೈನ್ ಲಾಕಿನ ಬಟ್ಟೆ ಹರಿದಿದ್ರೆ, ಸೀಳದ ಟ್ಯೂಬಿನ ತುಂಡೊಂದನ್ನು ಚೈನಿಗೇ ಪೋಣಿಸಿ. ಬೀಗ ಜೋತಾಡದಂತೆ ಬಿಗಿಯಾಗಿ ಹಾಕಿ. ಮಳೆಗಾಲದಲ್ಲಿ ಮಾತ್ರ ಆಗಾಗ ಬಿಚ್ಚಿ ಒಣಗಿಸಿ, ಸ್ಟೀಲ್ ಫ್ರೇಮಾದ್ರೆ ಒಳಗೆ ನಿಂತ ನೀರು ಗೀರಿಗಿಂತ ಕೆಟ್ಟದ್ದು.

ಮುಂದಿನ ಸಲ ಟ್ಯೂಬು ಬದಲಾಯಿಸಿದಾಗ ಹಳೇದನ್ನು ಶಾಪಿನಲ್ಲೇ ಬಿಟ್ಟು ಬರಬೇಡಿ. ಗಾಳಿ ಹಿಡಿಯದಿದ್ರೂ ಅದಕ್ಕೆ ಇನ್ನೂ ಕೆಲಸ ಇದೆ.