ಮರ್ರೆ ಬಾರ್ ಕಂಡ ಚುಕ್ಕೆ

ಹತ್ತನೇ ತರಗತಿಯ ಆನುವಂಶೀಯತೆ ಪಾಠವನ್ನು ನಾನು ವ್ಯಾಖ್ಯೆ ಬಿಟ್ಟು ಮರ್ರೆ ಬಾರ್ ಅವರ ಬದುಕಿನಿಂದ ಆರಂಭಿಸಿದೆ. 1908ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹುಟ್ಟಿದವರು, ವೈದ್ಯರು, ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದರು. ಆಮೇಲೆ ಲಂಡನ್‌ನಲ್ಲಿ (ಇಂಗ್ಲೆಂಡಿನದಲ್ಲ, ಒಂಟಾರಿಯೊದ್ದು) ಶಿಷ್ಯ ಬರ್ಟ್ರಮ್ ಜೊತೆ ಬೆಕ್ಕಿನ ನರಕೋಶ ದಣಿದರೆ ಏನಾಗುತ್ತದೆಂದು ನೋಡುತ್ತಿದ್ದರು. ಕೆಲವು ಬೆಕ್ಕುಗಳ ಕೋಶಕೇಂದ್ರದಲ್ಲಿ ಒಂದು ಗಾಢ ಚುಕ್ಕೆ, ಕೆಲವುಗಳಲ್ಲಿ ಇಲ್ಲ. ದಾಖಲೆ ತಿರುವಿ ನೋಡಿದರೆ ಚುಕ್ಕೆಯಿದ್ದವೆಲ್ಲ ಹೆಣ್ಣು! ಬೆಕ್ಕಿನ ಲಿಂಗವನ್ನೂ ಬರೆದಿಟ್ಟಿದ್ದರಲ್ಲ, ಅದೇ ದೊಡ್ಡದು. 1949ರಲ್ಲಿ ಪ್ರಕಟಿಸಿದರು. ಕೆನ್ನೆಯ ಒಳಪದರ ಕೆರೆದು ಈ ಚುಕ್ಕೆ ಹುಡುಕುವ ಪರೀಕ್ಷೆಯೂ ಅವರ ಪ್ರಯೋಗಾಲಯದಿಂದಲೇ ಬಂತು. 1995ರಲ್ಲಿ ತೀರಿಕೊಂಡರು.

ಚುಕ್ಕೆಯೆಂದರೆ ಹೆಣ್ಣಿನ ಎರಡು ಎಕ್ಸ್ ವರ್ಣತಂತುಗಳಲ್ಲಿ ಮುದುಡಿ ಸುಮ್ಮನಾದ ಒಂದು ಎಂದು ತಿಳಿದದ್ದು 1959ರಲ್ಲಿ ಸುಸುಮು ಓನೊ, 1961ರಲ್ಲಿ ಮೇರಿ ಲಯನ್ ಅವರ ಕೆಲಸದಿಂದ.

ಕೋಶ ಎರಡಾದಾಗ ಅದೇ ಎಕ್ಸ್ ಸುಮ್ಮನಿರಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಒಬ್ಬ ಹುಡುಗಿ ಕೇಳಿದಳು. ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ನಾಳೆ ಹೇಳುತ್ತೇನೆಂದೆ. ರಾತ್ರಿ ಓದಿಕೊಂಡು ಮರುದಿನ ಹೇಳಿದೆ: ಆ ಎಕ್ಸ್‌ನ ಡಿಎನ್‌ಎಗೆ ಮೀಥೈಲ್ ಗುರುತುಗಳು ಅಂಟಿರುತ್ತವೆ, ಡಿಎನ್‌ಎ ನಕಲಾದಾಗ ಒಂದು ಕಿಣ್ವ ಹಳೆಯ ಎಳೆಯ ಗುರುತು ನೋಡಿ ಹೊಸ ಎಳೆಗೂ ಹಚ್ಚುತ್ತದೆ. ಅಂಡಾಣು ತಯಾರಾಗುವ ಕೋಶಗಳಲ್ಲಿ ಮಾತ್ರ ಹೀಗಲ್ಲ. ಅಲ್ಲಿ ಆ ಎಕ್ಸ್ ಮತ್ತೆ ಎಚ್ಚರಗೊಳ್ಳುತ್ತದೆ.