ಕಾಶಿಯನ್ನು ಅಳೆದ ಟಂಕಸಾಲೆ ಅಧಿಕಾರಿ: ಜೇಮ್ಸ್ ಪ್ರಿನ್ಸೆಪ್ ಅವರ ಬನಾರಸ್ ವರ್ಷಗಳು

ಬ್ರಾಹ್ಮಿ ಲಿಪಿಯನ್ನು ಓದಿದವರು ಯಾರು? ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ಉತ್ತರ ಜೇಮ್ಸ್ ಪ್ರಿನ್ಸೆಪ್ ಎಂದು ನಮ್ಮ ಹುಡುಗರು ಬಾಯಿಪಾಠವಾಗಿ ಹೇಳುತ್ತಾರೆ. 1837ರಲ್ಲಿ ಅವರು ಆ ಲಿಪಿಯ ಗುಟ್ಟು ಬಿಡಿಸಿದ್ದರಿಂದಲೇ, 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರನ್ನು ಓದಲು ಸಾಧ್ಯವಾಯಿತು. ಆದರೆ ಲಿಪಿಯ ಕೆಲಸಕ್ಕೆ ಕೈ ಹಾಕುವ ಮೊದಲು ಪ್ರಿನ್ಸೆಪ್ ಹತ್ತು ವರ್ಷ ವಾರಣಾಸಿಯಲ್ಲಿದ್ದರು. ಆ ನಗರದ ಗಲ್ಲಿ, ಕೆರೆ, ಚರಂಡಿ, ಜನಸಂಖ್ಯೆ ಎಲ್ಲವನ್ನೂ ಲೆಕ್ಕಕ್ಕೆ ತಂದಿದ್ದರು. ಅವರ ಬದುಕಿನ ಈ ಭಾಗ ಪಠ್ಯಪುಸ್ತಕಗಳಲ್ಲಿ ಬರುವುದೇ ಇಲ್ಲ.

ಪ್ರಿನ್ಸೆಪ್ ಹುಟ್ಟಿದ್ದು 1799ರ ಆಗಸ್ಟ್ 20ರಂದು. ತಂದೆ ಜಾನ್ ಪ್ರಿನ್ಸೆಪ್ ಭಾರತದಲ್ಲಿ ನೀಲಿ ಬೆಳೆಯ ವ್ಯವಹಾರದಿಂದ ಹಣ ಮಾಡಿ ಇಂಗ್ಲೆಂಡಿಗೆ ಮರಳಿದ್ದವರು. ಮಗನಿಗೆ ವಾಸ್ತುಶಿಲ್ಪದ ಹುಚ್ಚು. ಆದರೆ ಕಣ್ಣಿನ ತೊಂದರೆ ಬಂದು ಆ ಓದು ಅರ್ಧಕ್ಕೆ ನಿಂತಿತು. ಬಳಿಕ ಲಂಡನ್ನಿನ ರಾಯಲ್ ಮಿಂಟ್‌ನಲ್ಲಿ ಲೋಹ ಪರೀಕ್ಷೆ ಕಲಿತು, 1819ರಲ್ಲಿ ಕಲ್ಕತ್ತೆಗೆ ಹಡಗು ಹತ್ತಿ ಬಂದರು. ಮರುವರ್ಷವೇ ಬನಾರಸ್ ಟಂಕಸಾಲೆಗೆ ಅಸೇ ಮಾಸ್ಟರ್, ಅಂದರೆ ಬೆಳ್ಳಿ ಬಂಗಾರದ ಶುದ್ಧತೆ ಪರೀಕ್ಷಿಸುವ ಅಧಿಕಾರಿಯಾಗಿ ನೇಮಕವಾಯಿತು. ಆಗ ವಯಸ್ಸು 21.

ಟಂಕಸಾಲೆ ಕಾಶಿಯಲ್ಲೇ ಯಾಕಿತ್ತು? ಅಲ್ಲಿ ಬೆಳ್ಳಿಯ ಗಣಿ ಇಲ್ಲ. ಹಾಗೆ ನೋಡಿದರೆ ಬನಾರಸ್ ಸೀರೆಗೆ ಬೇಕಾದ ರೇಷ್ಮೆಯೂ ಅಲ್ಲಿನದಲ್ಲ. ಇಂದು ಅಲ್ಲಿನ ಮಗ್ಗಗಳಿಗೆ ನಮ್ಮ ಕರ್ನಾಟಕದಿಂದಲೂ ರೇಷ್ಮೆ ನೂಲು ಹೋಗುತ್ತದೆ. ಕಚ್ಚಾವಸ್ತು ಇಲ್ಲದ ಊರಿನಲ್ಲಿ ನಾಣ್ಯ ಅಚ್ಚು ಹಾಕುವ ಕೆಲಸವೂ, ಜರಿ ನೇಯ್ಗೆಯೂ ನೆಲೆಯೂರಲು ಕಾರಣ ಬೇರೆಯೇ ಇತ್ತು. ಒಂದು, ಸರಕು ಹೊತ್ತ ದೋಣಿಗಳು ಓಡಾಡುವ ಗಂಗೆ. ಇನ್ನೊಂದು, ದೇಶದ ಮೂಲೆಮೂಲೆಯಿಂದ ಬರುವ ಯಾತ್ರಿಕರು. ಎಲ್ಲಕ್ಕಿಂತ ಮುಖ್ಯವಾಗಿ ಸಾಹುಕಾರರು. ಕಾಶಿಯ ಲೇವಾದೇವಿಗಾರರ ಹುಂಡಿಗೆ ದೂರದ ಊರುಗಳಲ್ಲೂ ಬೆಲೆ ಇತ್ತು, ಈಸ್ಟ್ ಇಂಡಿಯಾ ಕಂಪನಿಯೇ ಅವರ ಬಳಿ ಸಾಲಕ್ಕೆ ಹೋಗುತ್ತಿತ್ತು. ಹಣ ಓಡಾಡುವ ಕಡೆ ಟಂಕಸಾಲೆ, ಕೊಳ್ಳುವ ಯಾತ್ರಿಕನಿರುವ ಕಡೆ ಮಗ್ಗ. ಮದನಪುರ, ಅಲಾಯಿಪುರದ ನೇಕಾರರ ಕೇರಿಗಳು ಇಂದಿಗೂ ಅಲ್ಲೇ ಇವೆ.

ಟಂಕಸಾಲೆಯ ಕೆಲಸ ದಿನಪೂರ್ತಿ ಹಿಡಿಯುತ್ತಿರಲಿಲ್ಲವೋ ಏನೋ, ಪ್ರಿನ್ಸೆಪ್ ಊರು ಸುತ್ತತೊಡಗಿದರು. 1822ರಲ್ಲಿ ನಗರದ ಸರ್ವೆ ಮಾಡಿ ವಿವರವಾದ ನಕ್ಷೆ ತಯಾರಿಸಿದರು. ನಂತರ ಮನೆ, ಜನರ ಗಣತಿಗೆ ಇಳಿದರು. ಅದಕ್ಕೂ ಮೊದಲು ಕಾಶಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ ಎಂಬ ಅಂದಾಜು ಚಲಾವಣೆಯಲ್ಲಿತ್ತು. ಪ್ರಿನ್ಸೆಪ್ ಲೆಕ್ಕದಲ್ಲಿ ಸಿಕ್ಕಿದ್ದು ಎರಡು ಲಕ್ಷಕ್ಕಿಂತ ಕಡಿಮೆ. ಭಾರತದಲ್ಲಿ ಜನಗಣತಿ ಎಂಬ ಸರ್ಕಾರಿ ಪದ್ಧತಿ ಶುರುವಾಗಲು ಇನ್ನೂ ನಾಲ್ಕು ದಶಕ ಬಾಕಿ ಇತ್ತು.

ನಕ್ಷೆ ಬರೆದಾಗಲೇ ಈ ನಗರದ ರೋಗ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಬಿಲ್ಲಿನಂತೆ ಬಾಗುತ್ತಾಳೆ. ಪಶ್ಚಿಮ ದಂಡೆ ಎತ್ತರ, ಗಟ್ಟಿ ನೆಲ. ಎದುರು ದಂಡೆ ಮರಳು, ಮಳೆಗಾಲದಲ್ಲಿ ಮುಳುಗುತ್ತದೆ. ಹಾಗಾಗಿ ಊರಿಗೆ ಊರೇ ಒಂದೇ ದಂಡೆಯ ಮೇಲೆ, ಅಸ್ಸಿಯಿಂದ ವರುಣೆಯವರೆಗೆ ಒತ್ತೊತ್ತಾಗಿ ನಿಂತಿದೆ. ಘಾಟುಗಳ ಹಿಂದಿನ ದಿಬ್ಬ ದಾಟಿದರೆ ನೆಲ ಒಳಮುಖವಾಗಿ ಇಳಿಯುತ್ತದೆ. ಮಳೆ ನೀರು ಗಂಗೆಗೆ ಹೋಗದೆ ಊರೊಳಗೇ ನಿಲ್ಲುತ್ತಿತ್ತು. ಮತ್ಸ್ಯೋದರಿ, ಮಂದಾಕಿನಿಯಂಥ ಕೆರೆಗಳು ಹೀಗೆ ತುಂಬಿಕೊಳ್ಳುತ್ತಿದ್ದವು. ದಟ್ಟ ಜನವಸತಿಯ ನಡುವೆ ನಿಂತ ನೀರು ಎಂದರೆ ಕೊಳಕು, ಜ್ವರ.

ಪ್ರಿನ್ಸೆಪ್ ನೆಲದಡಿಯಲ್ಲಿ ಕಮಾನಿನ ಸುರಂಗ ಕಟ್ಟಿಸಿ ಆ ನೀರನ್ನು ಹೊರಗೆ ಹರಿಸಿದರು. ಮತ್ಸ್ಯೋದರಿ ಬತ್ತಿತು, ಮಂದಾಕಿನಿ ಕುಗ್ಗಿ ಸಣ್ಣ ಕೊಳವಾಯಿತು. ಒಣಗಿದ ಜಾಗದಲ್ಲಿ ವಿಶ್ವೇಶ್ವರಗಂಜ್ ಪೇಟೆ ಎದ್ದಿತು. ಕಾಶಿಯ ದಿನಸಿ ಸಗಟು ವ್ಯಾಪಾರಕ್ಕೆ ಇವತ್ತಿಗೂ ಹೆಸರಾದ ಪೇಟೆ ಅದು. ಒಂದು ಚರಂಡಿ ನಗರದ ಮಾರುಕಟ್ಟೆಯ ನೆಲೆಯನ್ನೇ ಬದಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಶಾಹಿ ನಾಲೆ ಎಂದು ಜನ ಕರೆಯುವ ಹಳೆಯ ಒಳಚರಂಡಿಯ ಮಾತು ಬಂದಾಗಲೆಲ್ಲ ಪ್ರಿನ್ಸೆಪ್ ಹೆಸರೂ ಜೊತೆಗೆ ಬರುತ್ತದೆ.

ಆದರೆ ಇದನ್ನು ಬರೀ ಉಪಕಾರ ಎಂದು ಬರೆದು ಮುಗಿಸುವಂತಿಲ್ಲ. ಮತ್ಸ್ಯೋದರಿ ಬರೀ ನಿಂತ ನೀರಾಗಿರಲಿಲ್ಲ, ತೀರ್ಥವಾಗಿತ್ತು. ಭಾರಿ ಮಳೆಯ ವರ್ಷ ಗಂಗೆ ಉಕ್ಕಿ ವರುಣೆಯ ಮೂಲಕ ಹಿಮ್ಮುಖವಾಗಿ ಬಂದು ಈ ಕೆರೆಯನ್ನು ಸೇರುವುದು ಮಹಾಪುಣ್ಯದ ಯೋಗ ಎಂದು ಭಕ್ತರು ನಂಬಿದ್ದರು. ಆ ಯೋಗ ಮತ್ತೆ ಬರದಂತಾಯಿತು. ನಗರದ ಆರೋಗ್ಯ, ವ್ಯಾಪಾರ ಎರಡಕ್ಕೂ ಲಾಭವಾಯಿತು ನಿಜ, ಬೆಲೆ ತೆತ್ತದ್ದು ಒಂದು ಪುಣ್ಯಕ್ಷೇತ್ರದ ನೆನಪು. ಇಂದು ಅಲ್ಲಿ ಉಳಿದಿರುವುದು ಮಛೋದರಿ ಎಂಬ ಹೆಸರು ಮತ್ತು ಒಂದು ಪಾರ್ಕು.

ಹಾಗಂತ ಪ್ರಿನ್ಸೆಪ್ ಹಳೆಯದನ್ನು ಕಡೆಗಣಿಸಿದವರಲ್ಲ. ಪಂಚಗಂಗಾ ಘಾಟಿನ ಮೇಲಿದ್ದ ಔರಂಗಜೇಬ್ ಕಾಲದ ಮಸೀದಿಯ ಮಿನಾರುಗಳನ್ನು ದುರಸ್ತಿ ಮಾಡಿಸಿದರು. ಘಾಟು, ಗುಡಿ, ಹಬ್ಬಗಳ ಚಿತ್ರ ಬರೆದರು. ಆ ಚಿತ್ರಗಳು 1830ರ ದಶಕದಲ್ಲಿ ಪುಸ್ತಕವಾಗಿಯೂ ಬಂದವು. ಊರಿನಿಂದ ಪೂರ್ವಕ್ಕೆ, ಬಿಹಾರದ ದಾರಿಯಲ್ಲಿರುವ ಕರ್ಮನಾಶಾ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿದ್ದೂ ಅವರೇ. ಈ ನದಿಯ ನೀರು ತಾಕಿದರೆ ಗಳಿಸಿದ ಪುಣ್ಯವೆಲ್ಲ ಹೋಗುತ್ತದೆ ಎಂಬ ನಂಬಿಕೆಯಿಂದ ಯಾತ್ರಿಕರು ಕೂಲಿಯವರ ಹೆಗಲೇರಿ ದಾಟುತ್ತಿದ್ದರು. ಸೇತುವೆಗೆ ಹಣ ಕೊಟ್ಟವರು ಕಾಶಿಯ ರಾಜಾ ಪಟ್ನಿಮಲ್. ಯಾತ್ರಿಕರ ಪುಣ್ಯ ಉಳಿಯಿತು, ಗಾಡಿಗಳ ಸಾಗಾಟವೂ ಸಲೀಸಾಯಿತು.

ಇದರ ನಡುವೆ ಕುಲುಮೆಯ ಬಿಸಿಯನ್ನು ನಿಖರವಾಗಿ ಅಳೆಯುವ ವಿಧಾನದ ಬಗ್ಗೆ ಬರೆದ ಪ್ರಬಂಧ ಅವರಿಗೆ 1828ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ತಂದುಕೊಟ್ಟಿತು.

ಅಷ್ಟರಲ್ಲಿ ಲೆಕ್ಕಾಚಾರ ಬದಲಾಗಿತ್ತು. ಕಲ್ಕತ್ತೆಯ ಹೂಗ್ಲಿ ದಂಡೆಯಲ್ಲಿ ಉಗಿ ಯಂತ್ರಗಳ ಹೊಸ ಟಂಕಸಾಲೆ 1829ರಲ್ಲಿ ಕೆಲಸ ಶುರು ಮಾಡಿತು. ಸಾಹುಕಾರರ ಸಾಮೀಪ್ಯಕ್ಕಿಂತ ಯಂತ್ರ, ಬಂದರು, ರಾಜಧಾನಿ ಹೆಚ್ಚು ತೂಗಿದವು. 1830ರಲ್ಲಿ ಬನಾರಸ್ ಟಂಕಸಾಲೆಗೆ ಬೀಗ ಬಿತ್ತು. ಪ್ರಿನ್ಸೆಪ್ ಕಲ್ಕತ್ತೆಗೆ ಮರಳಿದರು. 1835ರಲ್ಲಿ ಕಂಪನಿ ಆಡಳಿತದ ಉದ್ದಗಲಕ್ಕೂ 180 ಗ್ರೇನ್ ತೂಕದ ಒಂದೇ ರೂಪಾಯಿ ಜಾರಿಗೆ ಬಂದಾಗ ಅದರ ಹಿಂದೆ ಅವರ ವಾದವೂ ಇತ್ತು. ಏಷ್ಯಾಟಿಕ್ ಸೊಸೈಟಿಯ ಪತ್ರಿಕೆ, ಹಳೆಯ ನಾಣ್ಯಗಳು, ಆಮೇಲೆ ಬ್ರಾಹ್ಮಿ. ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ.

ವಿಪರೀತ ದುಡಿಮೆ ಅವರ ಆರೋಗ್ಯವನ್ನು ಕಿತ್ತುಕೊಂಡಿತು. 1838ರ ಕೊನೆಗೆ ಕಾಯಿಲೆಯೊಂದಿಗೆ ಭಾರತ ಬಿಟ್ಟ ಪ್ರಿನ್ಸೆಪ್ ಚೇತರಿಸಿಕೊಳ್ಳಲೇ ಇಲ್ಲ. 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ಕೊನೆಯುಸಿರೆಳೆದಾಗ ಅವರಿಗೆ ಇನ್ನೂ 41 ತುಂಬಿರಲಿಲ್ಲ. ಕೋಲ್ಕತ್ತದಲ್ಲಿ ಅವರ ಹೆಸರಿನ ಘಾಟ್ ಇದೆ. ವಾರಣಾಸಿಯ ಘಾಟುಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ನದೇಸರ್ ಬಡಾವಣೆಯಲ್ಲಿ ಮಾತ್ರ ಒಂದು ಜಾಗವನ್ನು ಜನ ಈಗಲೂ ಮಿಂಟ್ ಹೌಸ್ ಎಂದೇ ಕರೆಯುತ್ತಾರೆ.