ಜೊತೆ ಬಿಡದ ಚುಕ್ಕಾಣಿಗ

ಆಟದಿಂದ ಏನು ಲಾಭ ಎಂದು ಕೇಳುವವರಿಗೆ ನಾನು ಇಂಗ್ಲೆಂಡಿನ ನೋಯೆಲ್ ಡಕ್‌ವರ್ತ್ ಅವರ ಜೀವನವನ್ನು ಹೇಳುತ್ತೇನೆ. ದೋಣಿ ಸ್ಪರ್ಧೆಯಲ್ಲಿ ಎಂಟು ಜನ ಗುರಿಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಾರೆ. ಮುಂದಿನ ದಾರಿ ನೋಡಿ ನಡೆಸುವವನು ಚುಕ್ಕಾಣಿ ಹಿಡಿದ ಒಂಬತ್ತನೆಯವನು. ಆ ಸ್ಥಾನದಲ್ಲಿದ್ದ ಡಕ್‌ವರ್ತ್ 1934, 1935, 1936ರಲ್ಲಿ ಆಕ್ಸ್‌ಫರ್ಡ್ ವಿರುದ್ಧ ಕೇಂಬ್ರಿಜ್ ತಂಡವನ್ನು ಗೆಲ್ಲಿಸಿದರು. ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವರ ದೋಣಿ ನಾಲ್ಕನೆಯದಾಯಿತು.

ಮುಂದೆ ಸೇನೆಯ ಪಾದ್ರಿಯಾದರು. 1942ರಲ್ಲಿ ಮಲಯದಲ್ಲಿ ಪಡೆ ಹಿಂದೆ ಸರಿದಾಗ, ನಡೆಯಲಾರದ ಗಾಯಾಳುಗಳ ಬಳಿಯೇ ಉಳಿದು ಜಪಾನೀಯರ ಸೆರೆಯಾದರು. ಥಾಯ್ಲೆಂಡ್–ಬರ್ಮಾ ರೈಲುಮಾರ್ಗದ ಕಾಲರಾಪೀಡಿತ ಶಿಬಿರದಲ್ಲೂ ರೋಗಿಗಳ ಸೇವೆ ಮಾಡಿದರು. ಬಳಿಕ ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನ ಮೊದಲ ಪಾದ್ರಿಯಾಗಿ ವಿದ್ಯಾರ್ಥಿಗಳ ನಡುವೆ ಬಾಳಿ, 1980ರಲ್ಲಿ ತೀರಿಕೊಂಡರು.

ಸೋತ ದಿನವೂ ಜೊತೆಗಾರರ ಕೈಬಿಡದವರೇ ನಾಯಕರೆಂದು ನಮ್ಮ ಮಕ್ಕಳು ತಿಳಿಯಲಿ ಎಂಬುದು ನನ್ನ ಆಸೆ.